ಮೇಷ್ಟ್ರ ಕಿವಿಯ ತೀರ್ಮಾನ

ಕೇಶವ ಮೇಷ್ಟ್ರ ಕಿವಿಗಳಿಗೆ ಸುಳ್ಳು ಆಗಿಬರುತ್ತಿರಲಿಲ್ಲ. ಬಾಯಿ ಒಂದು ಸುಳ್ಳು ಹೇಳಿ ಮುಗಿಸುವಷ್ಟರಲ್ಲಿ ಎರಡೂ ಕಿವಿಗಳು ಬಿಸಿಯಾಗಿ, ಕೆಂಪಗಾಗಿ, ಎದುರಿಗಿದ್ದವರಿಗೆ ವಿಷಯ ತಿಳಿಸಿಬಿಡುತ್ತಿದ್ದವು. ಅವು ಮೇಷ್ಟ್ರ ಸ್ವಂತ ಸಂಪಾದನೆಯೇನಲ್ಲ. ಅವರ ತಂದೆ ಅನಂತರಾಮಯ್ಯನವರು ಚಿಕ್ಕಬಳ್ಳಾಪುರದಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿ, ಒಂದು ದಿನವೂ ಸುಳ್ಳು ಕಾರಣ ಕೊಟ್ಟು ರಜೆ ಹಾಕಲಾಗದೆ ನಿವೃತ್ತರಾದದ್ದು ಇದೇ ಕಿವಿಗಳ ದೆಸೆಯಿಂದ. ತಂದೆಯಿಂದ ಮಗನಿಗೆ ಇಳಿದುಬಂದ ಇನ್ನೊಂದು ಆಸ್ತಿ ಎಂದರೆ ನಶ್ಯದ ಚಟ. ಗುಟ್ಟು ಮತ್ತು ಗುಟ್ಟು ಬಿಟ್ಟುಕೊಡುವ ಕಿವಿ ಎರಡೂ ಒಂದೇ ಮೈಯಲ್ಲಿ ಸೇರಿಕೊಂಡದ್ದು ಮೇಷ್ಟ್ರ ಹಣೆಬರಹ.

ಅವರು ಕೆಂಚಾರ್ಲಹಳ್ಳಿಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳುತ್ತಿದ್ದರು. ವರ್ಷಕ್ಕೊಮ್ಮೆ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ, ತಂಬಾಕು ಮುಟ್ಟುವುದಿಲ್ಲವೆಂದು ಕೈ ಮುಂದೆ ಚಾಚಿಸಿ ಪ್ರಮಾಣ ಬೋಧಿಸುವವರೂ ಅವರೇ. ಆರು ತಿಂಗಳ ಹಿಂದೆ ಹೆಂಡತಿ ಶ್ರೀವಲ್ಲಿಯ ಕೈಗೆ ನಶ್ಯದ ಡಬ್ಬಿ ಸಿಕ್ಕಿದಾಗ ಮೇಷ್ಟ್ರು ವಿಜ್ಞಾನದ ಮರೆಗೆ ಹೋದರು.

“ಬೇಕು ಅಂತಿರೋದು ನಾನಲ್ಲ ಕಣೇ, ನನ್ನ ಜೀವಕೋಶಗಳು. ತಾತನ ಕಾಲದಿಂದ ವಂಶವಾಹೀಲಿ ಬರೆದುಬಿಟ್ಟಿದೆ. ಅವು ತೀರ್ಮಾನ ಮಾಡಿದ ಮೇಲೆ ನಾನೇನು ಮಾಡ್ಲಿ?”

“ಹಾಗಾದ್ರೆ ಅವಕ್ಕೇ ಹೇಳಿಬಿಡಿ,” ಎಂದಳು ಶ್ರೀವಲ್ಲಿ. “ಈ ಮನೇಲಿ ಊಟ ಬೇಕು ಅಂದ್ರೆ ನಶ್ಯ ಬಿಡಬೇಕು ಅಂತ.”

ಮೇಷ್ಟ್ರು ಬಿಟ್ಟೆನೆಂದು ಮಾತು ಕೊಟ್ಟರು. ಬಿಡಲಿಲ್ಲ. ತಿಂಗಳಿಗೊಂದು ಪೊಟ್ಟಣ ಚಿಂತಾಮಣಿಯಿಂದ ತಂದು ಅಟ್ಟದ ಮೇಲೆ ಹಳೆಯ ಉತ್ತರಪತ್ರಿಕೆಗಳ ಕಟ್ಟಿನ ಹಿಂದೆ ಅಡಗಿಸಿ, ಪುಟ್ಟ ಡಬ್ಬಿಗೆ ಅಷ್ಟಷ್ಟೇ ತುಂಬಿಕೊಳ್ಳುತ್ತಿದ್ದರು. ಹೆಂಡತಿ ಆ ವಿಷಯ ಎತ್ತಿದಾಗಲೆಲ್ಲ ಮೊದಲು ತಲೆಗೆ ಟವಲು ಸುತ್ತಿಕೊಂಡು ಆಮೇಲೆ ಉತ್ತರ ಕೊಡುತ್ತಿದ್ದರು. ಬೇಸಿಗೆಯಲ್ಲಿ ಇದು ಸ್ವಲ್ಪ ಕಷ್ಟವಾಯಿತು. ಈಚೆಗೆ ಬರುತ್ತಿದ್ದ ನಶ್ಯ ಮಾತ್ರ ಮೊದಲಿಗಿಂತ ಜೋರಾಗಿ ಸೀನು ತರಿಸುತ್ತಿತ್ತು. ಒಳ್ಳೆಯ ಮಾಲು ಬರುತ್ತಿದೆ ಎಂದು ಮೇಷ್ಟ್ರು ಅಷ್ಟರ ಮಟ್ಟಿಗೆ ಸಂತೋಷವಾಗಿದ್ದರು.

ಅವರು ಬಾಡಿಗೆಗಿದ್ದದ್ದು ಮುನಿವೆಂಕಟಪ್ಪನವರ ಮನೆಯ ಮಹಡಿಯಲ್ಲಿ. ಹಿತ್ತಲಲ್ಲಿ ರೇಷ್ಮೆ ಹುಳುವಿನ ಮನೆ. ಅದರೊಳಕ್ಕೆ ಯಜಮಾನರು ಮತ್ತು ಅವರ ಹೆಂಡತಿ ಅಕ್ಕಯ್ಯಮ್ಮ ಬಿಟ್ಟರೆ ಬೇರೆಯವರಿಗೆ ಪ್ರವೇಶವಿಲ್ಲ. ಹೋಗುವವರು ಸ್ನಾನ ಮಾಡಿರಬೇಕು, ಕೈಕಾಲು ತೊಳೆದು ಹೊಸಿಲಿನ ಸುಣ್ಣದ ಪುಡಿ ತುಳಿದು ಒಳಗೆ ಕಾಲಿಡಬೇಕು. ಸೆಂಟು ಕೂಡದು, ಊದುಬತ್ತಿ ಕೂಡದು, ಹೊಗೆಸೊಪ್ಪಿನ ಮಾತಂತೂ ಎತ್ತಲೇ ಕೂಡದು.

ಶನಿವಾರ ಸಂಜೆ ಜಗಲಿಯ ಮೇಲೆ ಕೂತು ಅಕ್ಕಯ್ಯಮ್ಮ, ಹುಳುಗಳಿಗೆ ಎಲ್ಲ ಗೊತ್ತಾಗುತ್ತದೆ ಎಂದರು. ಯಾವಾಗ ಉಣ್ಣಬೇಕು, ಯಾವಾಗ ಗೂಡು ಕಟ್ಟಬೇಕು ಎಂದು ಅವೇ ತೀರ್ಮಾನ ಮಾಡುತ್ತವೆ, ಕಳ್ಳಮನಸ್ಸಿನವರು ಹತ್ತಿರ ಬಂದರೆ ಮುಖ ತಿರುಗಿಸುತ್ತವೆ ಎಂದರು. ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಮುಕ್ಕಾಲು ಗಂಟೆ ಪಾಠ ಹೇಳಿದರು. ವಂಶವಾಹಿ ಎನ್ನುವುದು ಬರೆದಿಟ್ಟ ಚೀಟಿ ಇದ್ದ ಹಾಗೆ, ಚೀಟಿ ಎಲ್ಲಾದರೂ ಯೋಚನೆ ಮಾಡುತ್ತದೆಯೇ, ಜೀವಕೋಶಕ್ಕೆ ಮನಸ್ಸಿಲ್ಲ, ಅದು ತೀರ್ಮಾನ ಮಾಡುವುದಿಲ್ಲ, ಬರೆದದ್ದನ್ನು ಮಾಡುತ್ತದೆ ಅಷ್ಟೆ ಎಂದರು. ಆರು ತಿಂಗಳ ಹಿಂದೆ ಹೆಂಡತಿಗೆ ಹೇಳಿದ್ದಕ್ಕೆ ಇದು ಪೂರ್ತಿ ತಿರುಗುಮುರುಗು ಎಂದು ಅವರಿಗೆ ಹೊಳೆಯಲಿಲ್ಲ. ಪಕ್ಕದಲ್ಲಿ ಅವರೇಕಾಯಿ ಬಿಡಿಸುತ್ತಿದ್ದ ಶ್ರೀವಲ್ಲಿಗೆ ಹೊಳೆಯಿತು. ಅವಳು ಗಂಡನ ಮುಖ ನೋಡಿ ಇನ್ನೊಂದು ಕಾಯಿ ಬಿಡಿಸಿದಳು.

“ಹಂಗಾದ್ರೆ ನಿಮ್ಮ ಕಿವಿ ಯಾಕೆ ಆಗಾಗ ಕೆಂಪಗಾಗ್ತದೆ ಮೇಷ್ಟ್ರೇ? ನೀವು ಹೇಳಿ ಮಾಡಿಸ್ತೀರಾ?” ಎಂದು ಕೇಳಿದರು ಅಕ್ಕಯ್ಯಮ್ಮ.

ಮೇಷ್ಟ್ರು ರಕ್ತನಾಳಗಳ ವಿಷಯ ಏನೋ ಹೇಳಿ ಮಹಡಿ ಹತ್ತಿದರು.

ಮರುದಿನ ಭಾನುವಾರ ಬೆಳಿಗ್ಗೆ ಕೈವಾರದಲ್ಲಿ ಅಕ್ಕಯ್ಯಮ್ಮನ ಅಣ್ಣನ ಮೊಮ್ಮಗುವಿನ ನಾಮಕರಣ. ನೆಂಟರೆಲ್ಲ ಟೆಂಪೋದಲ್ಲಿ ಹೊರಟು ನಿಂತಿದ್ದರು. ಹನ್ನೊಂದು ಗಂಟೆಗೆ ಹುಳುಗಳಿಗೆ ಸೊಪ್ಪು ಹಾಕಲು ಯಾರೂ ಇರಲಿಲ್ಲ. ಶ್ರೀವಲ್ಲಿ ಮಗಳು ಮಹತಿಯನ್ನು ಸಂಗೀತದ ಪಾಠಕ್ಕೆ ಚಿಂತಾಮಣಿಗೆ ಕರೆದುಕೊಂಡು ಹೋಗಬೇಕಿತ್ತು. ಮುನಿವೆಂಕಟಪ್ಪ ತಲೆ ಕೆರೆದುಕೊಂಡು ಮೇಷ್ಟ್ರ ಹತ್ತಿರ ಬಂದರು.

“ಒಂದೇ ಒಂದು ಸಲ ಸೊಪ್ಪು ಹಾಕಿದ್ರೆ ಸಾಕು ಮೇಷ್ಟ್ರೇ. ಎರಡು ಜೀವ ಹಗಲು ರಾತ್ರಿ ಬಗ್ಗಿ ಸಾಕಿರೋ ಬೆಳೆ. ಆಮೇಲೆ ಮಧ್ಯಾಹ್ನದ ಮೇಲೆ ನೋಡಿ, ಅವು…”

“ನೀವು ಹೊರಡಿ ಯಜಮಾನರೇ,” ಎಂದು ಮೇಷ್ಟ್ರು ನಕ್ಕರು. “ರೇಷ್ಮೆ ಹುಳದ ಜೀವನಚಕ್ರ ಹನ್ನೊಂದು ವರ್ಷದಿಂದ ಬೋರ್ಡ್ ಮೇಲೆ ಬರೀತಿದ್ದೀನಿ. ನನಗೆ ಹೇಳಿಕೊಡ್ತೀರಾ?”

ಮುನಿವೆಂಕಟಪ್ಪ ಸಂಕೋಚದಿಂದ ಮಾತು ನುಂಗಿಕೊಂಡು ಟೆಂಪೋ ಹತ್ತಿದರು.

ಹನ್ನೊಂದಕ್ಕೆ ಮೇಷ್ಟ್ರು ಸ್ನಾನ ಮಾಡಿ, ಕಾಲು ತೊಳೆದು, ಸುಣ್ಣ ತುಳಿದು ಒಳಗೆ ಹೋದರು. ಬಿದಿರಿನ ತಟ್ಟೆಗಳ ಮೇಲೆ ಸಾವಿರಾರು ಹುಳುಗಳು. ಹಿಪ್ಪುನೇರಳೆ ಸೊಪ್ಪನ್ನು ಮಕ್ಕಳಿಗೆ ಹಂಚಿದಷ್ಟೇ ನ್ಯಾಯವಾಗಿ ಹರಡಿದರು. ಚರಚರ ಸದ್ದು ಶುರುವಾಯಿತು. ಒಳಗೆ ತಂಪು, ಅರೆಗತ್ತಲೆ, ಮೌನ. ಹೆಂಡತಿಯಿಲ್ಲ, ಮಕ್ಕಳಿಲ್ಲ, ಅಕ್ಕಪಕ್ಕದವರಿಲ್ಲ. ಇಷ್ಟು ಏಕಾಂತ ಅವರಿಗೆ ತಿಂಗಳುಗಳಿಂದ ಸಿಕ್ಕಿರಲಿಲ್ಲ. ಅವರ ಕೈ ತಾನಾಗಿ ಪಂಚೆಯ ಸೊಂಟಕ್ಕೆ ಹೋಗಿ ಡಬ್ಬಿ ತೆಗೆಯಿತು. ಒಂದು ಚಿಟಿಕೆ ಮೂಗಿಗೆ ಏರಿತು. ನಾಲ್ಕು ಸೀನು ಬಂದವು, ನಾಲ್ಕೂ ತಟ್ಟೆಗಳ ಕಡೆಗೇ. ಬೆರಳನ್ನು ಪಂಚೆಗೆ ಒರೆಸಿಕೊಂಡು ಹೊರಗೆ ಬಂದಾಗ ಮೇಷ್ಟ್ರಿಗೆ ಪ್ರಪಂಚದ ಮೇಲೆ ಬಹಳ ಪ್ರೀತಿ ಇತ್ತು.

ಎರಡು ಗಂಟೆಗೆ ಊಟ ಮುಗಿಸಿ, ಒಮ್ಮೆ ನೋಡಿಬರೋಣವೆಂದು ಮತ್ತೆ ಒಳಗೆ ಹೋದರು. ಸದ್ದಿಲ್ಲ. ಸೊಪ್ಪು ಅರ್ಧ ಹಾಗೆಯೇ ಇದೆ. ಅಷ್ಟೂ ಹುಳುಗಳು ಅಲ್ಲಲ್ಲೇ ಅಂಟಿಕೊಂಡಂತೆ ಕೂತು, ತಲೆ ಮೇಲಕ್ಕೆತ್ತಿ, ಕಲ್ಲಿನಂತಾಗಿವೆ. ಒಂದನ್ನು ಮೆಲ್ಲಗೆ ಊದಿದರು. ಅಲುಗಲಿಲ್ಲ. ಆಗ ಅವರ ಮೂಗಿಗೆ, ಬೆರಳು ಒರೆಸಿಕೊಂಡಿದ್ದ ತಮ್ಮದೇ ಪಂಚೆಯ ಘಾಟು ಬಡಿಯಿತು.

ಫೋನು ತೆಗೆದು ಹುಡುಕಿದರು. ಹೊಗೆಸೊಪ್ಪಿನ ಸೋಂಕು ತಗುಲಿದ ಹುಳು ಮೇವು ಬಿಡುತ್ತದೆ, ತಲೆ ಎತ್ತಿ ನಿಶ್ಚಲವಾಗುತ್ತದೆ, ನಂತರ ಸಾಯುತ್ತದೆ ಎಂದು ಮೊದಲ ಸಾಲಿನಲ್ಲೇ ಇತ್ತು. ಎರಡನೆಯ ಸಾಲು ಓದುವ ಧೈರ್ಯ ಬರಲಿಲ್ಲ. ಅವರು ಅಲ್ಲೇ ನೆಲದ ಮೇಲೆ ಕೂತರು. ಎರಡು ಮುದಿಜೀವಗಳ ದುಡಿಮೆಯನ್ನು ಒಂದು ಚಿಟಿಕೆಗೆ ಮಾರಿಕೊಂಡೆನಲ್ಲ ಎಂದು ನಾಚಿಕೆಯಾಯಿತು. ಶಾಲೆಯಲ್ಲಿ ತಾವೇ ಮಾಡಿಸಿದ್ದ ಪ್ರಮಾಣ, ಸಾಲಾಗಿ ಕೈ ಚಾಚಿದ್ದ ಮಕ್ಕಳು, ಮಾತು ನುಂಗಿಕೊಂಡು ಹೋದ ಯಜಮಾನರ ಮುಖ, ಎಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು.

ಕೂತರೆ ಆಗುವುದಿಲ್ಲ. ನಶ್ಯದ ಪುಡಿ ಇನ್ನೂ ಗಾಳಿಯಲ್ಲಿದ್ದರೆ ಅದನ್ನಾದರೂ ಹೊರಗೆ ಹಾಕಬೇಕು. ತಟ್ಟೆಗಳ ಮೇಲಿದ್ದ ಸೊಪ್ಪನ್ನೆಲ್ಲ ಎತ್ತಿ ಬುಟ್ಟಿಗೆ ಹಾಕಿದರು. ಮಹಡಿಯಿಂದ ಟೇಬಲ್ ಫ್ಯಾನು ತಂದು ಬಾಗಿಲ ಬಳಿಯಿಟ್ಟು ಒಳಮುಖವಾಗಿ ಜೋರಾಗಿ ಹಾಕಿದರು. ಅದರ ಮುಂದೆಯೇ ಸುಣ್ಣದ ಪುಡಿಯ ತೆರೆದ ಚೀಲವಿದ್ದದ್ದನ್ನು ನೋಡಿಕೊಳ್ಳಲಿಲ್ಲ. ಒಂದು ಕ್ಷಣದಲ್ಲಿ ಹುಳುವಿನ ಮನೆಯೆಲ್ಲ ಬೆಳ್ಳಗಾಯಿತು. ಹುಳುಗಳ ಮೇಲೆ ತೆಳ್ಳಗೆ ಸುಣ್ಣ ಬಿತ್ತು, ಮೇಷ್ಟ್ರ ಮೇಲೆ ದಪ್ಪಗೆ ಬಿತ್ತು. ಕೆಮ್ಮುತ್ತಾ ಹೊರಗೆ ಓಡಿಬಂದರೆ ಎದುರಿಗೆ ಪಕ್ಕದ ಮನೆಯ ಓಬಳಮ್ಮ.

ಓಬಳಮ್ಮ ಬಂದದ್ದು ಒಂದು ಬುಟ್ಟಿ ಕೇಳಲು. ತಲೆಯಿಂದ ಕಾಲಿನವರೆಗೆ ಬೆಳ್ಳಗಾದ ಮೇಷ್ಟ್ರನ್ನು ನೋಡಿ ಕೇಳುವುದನ್ನು ಮರೆತರು.

“ಏಮಿ ಮೇಷ್ಟ್ರೇ ಇದು?”

“ಏನಿಲ್ಲ. ಒಳಗೆ ಔಷಧಿ ಹೊಡೆದಿದ್ದೀವಿ. ಯಾರೂ ಹೋಗಬಾರದು ಅಂತ ಯಜಮಾನರು ಹೇಳಿದ್ದಾರೆ.”

ಬಿಳಿ ಸುಣ್ಣದ ನಡುವೆ ಎರಡು ಕಿವಿಗಳು ಮಾತ್ರ ದಾಸವಾಳದ ಹಾಗೆ ಅರಳಿದವು. ಓಬಳಮ್ಮ ಆ ಕಿವಿಗಳನ್ನು ನೋಡಿ, ಆಯಿತಪ್ಪ ಎಂದು ಹೇಳಿ ಹೊರಟವರು, ಸುತ್ತು ಹಾಕಿ ಹಿಂದಿನ ಕಿಟಕಿಗೆ ಹೋದರು. ಕಿಟಕಿಗೆ ಗೋಣಿಪರದೆ ಇತ್ತು. ಪರದೆಗೆ ಒಂದು ತೂತೂ ಇತ್ತು.

ಒಳಗೆ ಮೇಷ್ಟ್ರು ಬಾಗಿಲು ಹಾಕಿಕೊಂಡು ತಟ್ಟೆಗಳ ಮುಂದೆ ನಿಂತಿದ್ದರು. ಮಾಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಹನ್ನೊಂದು ವರ್ಷ ಕಲಿಸಿದ ವಿಜ್ಞಾನ ಆ ಹೊತ್ತಿಗೆ ಕೈಕೊಟ್ಟಿತು. ಅವರು ನೆಲಕ್ಕೆ ಮೊಣಕಾಲೂರಿ ಹುಳುಗಳಿಗೆ ಕೈಮುಗಿದರು.

“ನಿಮಗೆ ಬುದ್ಧಿ ಇಲ್ಲ ಅಂದಿದ್ದು ತಪ್ಪಾಯ್ತು. ಯೋಚನೆ ಇದೆ, ತೀರ್ಮಾನ ಇದೆ, ಎಲ್ಲ ಇದೆ. ನನ್ನ ಮೇಲಿನ ಕೋಪ ಆ ಇಬ್ಬರ ಮೇಲೆ ತೀರಿಸ್ಕೋಬೇಡಿ. ಇನ್ನು ಜನ್ಮದಲ್ಲಿ ಮುಟ್ಟಲ್ಲ. ಒಂದೇ ಒಂದೆಲೆ ತಿನ್ನಿ.”

ಹುಳುಗಳು ತಲೆಯೆತ್ತಿ ಹಾಗೆಯೇ ಇದ್ದವು.

ಓಬಳಮ್ಮನಿಗೆ ಮಾತು ಸರಿಯಾಗಿ ಕೇಳಿಸಲಿಲ್ಲ, ದೃಶ್ಯ ಮಾತ್ರ ಚೆನ್ನಾಗಿ ಕಾಣಿಸಿತು. ಮೈತುಂಬ ಬೂದಿ ಬಳಿದುಕೊಂಡು, ಕಣ್ಣೀರು ಸುರಿಸುತ್ತ, ಹುಳುಗಳಿಗೆ ನಮಸ್ಕಾರ ಹಾಕುತ್ತಿರುವ ಸೈನ್ಸ್ ಮೇಷ್ಟ್ರು. ಓಬಳಮ್ಮ ಮೊದಲು ಅಕ್ಕಯ್ಯಮ್ಮನಿಗೆ ಫೋನು ಮಾಡಿದರು. ಆಮೇಲೆ ಪಂಚಾಯ್ತಿಯ ಮಾಜಿ ಮೆಂಬರ್ ಆವುಲಪ್ಪನನ್ನು ಕರೆದರು. ಆವುಲಪ್ಪ ಬರುವಾಗ ಬೀದಿಯೂ ಜೊತೆಯಲ್ಲಿ ಬಂತು.

ಆವುಲಪ್ಪ ಬಾಗಿಲ ಹೊರಗೆ ನಿಂತು, ಬೆದರಿದ ಎತ್ತನ್ನು ಸಮಾಧಾನ ಮಾಡುವ ದನಿಯಲ್ಲಿ, ಮೇಷ್ಟ್ರೇ, ಹೊರಗೆ ಬರ್ರಪ್ಪ, ಯಾರೂ ಏನೂ ಅನ್ನಲ್ಲ ಎಂದು ಕರೆದ. ಮೇಷ್ಟ್ರು ಬಾಗಿಲ ಸಂದಿಯಿಂದ ಇಣುಕಿ ಜನ ಸೇರಿದ್ದನ್ನು ನೋಡಿದರು. ಎಲ್ಲರಿಗೂ ಗೊತ್ತಾಗಿಹೋಗಿದೆ ಎಂದುಕೊಂಡರು. ಗುಂಪಿನಲ್ಲಿ ಅವರ ಶಾಲೆಯ ಮಕ್ಕಳ ತಂದೆತಾಯಿಗಳಿದ್ದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಯಜಮಾನರು ಬರುವವರೆಗೆ ಬಾಗಿಲು ತೆಗೆಯುವುದಿಲ್ಲ ಎಂದು ಒಳಗಿನಿಂದಲೇ ಹೇಳಿದರು. ಇದನ್ನು ಕೇಳಿ ಆವುಲಪ್ಪ ಎಲ್ಲರನ್ನೂ ನಾಲ್ಕು ಹೆಜ್ಜೆ ಹಿಂದೆ ನಿಲ್ಲಿಸಿದ. ಯಾರೋ ನಿಂಬೆಹಣ್ಣು ತಂದರು. ಇನ್ಯಾರೋ, ಓದಿ ಓದಿ ಹೀಗಾಗುತ್ತದೆ ಎಂದು ಮರುಗಿದರು.

ನಾಲ್ಕು ಗಂಟೆಗೆ ನಾಮಕರಣದ ಊಟದೆಲೆ ಬಿಟ್ಟೆದ್ದವರ ಟೆಂಪೋ ಬಂದು ನಿಂತಿತು. ಅದೇ ಹೊತ್ತಿಗೆ ಚಿಂತಾಮಣಿ ಬಸ್ಸು ಇಳಿದು ಶ್ರೀವಲ್ಲಿಯೂ ಮಹತಿಯೂ ಬಂದರು. ಮೇಷ್ಟ್ರು ಬಾಗಿಲು ತೆಗೆದು ಹೊರಗೆ ಬಂದು ತಲೆ ತಗ್ಗಿಸಿ ನಿಂತರು. ಅಷ್ಟು ಗಾಬರಿಯಲ್ಲೂ ಅಕ್ಕಯ್ಯಮ್ಮ ಕಾಲು ತೊಳೆದು ಒಳಗೆ ಹೋಗಿ, ಒಂದೊಂದೇ ತಟ್ಟೆ ನೋಡಿ ಹೊರಗೆ ಬಂದರು. ಅವರು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಬಾಯಿ ತೆರೆದರು.

“ನಾನೇ ಕೊಂದೆ ಅಮ್ಮ. ನಶ್ಯ ಬಿಟ್ಟಿಲ್ಲ ನಾನು. ಎಲ್ಲರಿಗೂ ಸುಳ್ಳು ಹೇಳಿದ್ದೆ. ಬೆಳಿಗ್ಗೆ ಒಳಗೆ ನಿಂತು ಒಂದು ಚಿಟಿಕೆ ಏರಿಸಿ ಹುಳುಗಳ ಮೇಲೆಲ್ಲ ಸೀನಿದೆ. ಇವರ ಮಕ್ಕಳಿಗೆ ಪ್ರಮಾಣ ಮಾಡಿಸೋ ದಿನಾನೂ ಜೇಬಲ್ಲಿ ಡಬ್ಬಿ ಇತ್ತು.”

ಸೊಂಟದಿಂದ ಡಬ್ಬಿ ತೆಗೆದು ಜಗಲಿಯ ಮೇಲಿಟ್ಟರು. ಎಷ್ಟೋ ತಿಂಗಳ ಮೇಲೆ ಕಿವಿಗಳು ತಣ್ಣಗಿದ್ದದ್ದು ಅವರಿಗೇ ಗೊತ್ತಾಯಿತು. ಅವಮಾನದ ನಡುವೆಯೂ ಎದೆಯ ಮೇಲಿನ ಭಾರ ಇಳಿದಂತಾಯಿತು.

ಅಕ್ಕಯ್ಯಮ್ಮ ಅವರನ್ನೇ ನೋಡುತ್ತಿದ್ದರು.

“ಯಾರು ಸತ್ತಿದ್ದಾರೆ ಮೇಷ್ಟ್ರೇ? ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದಾವೆ. ಪೊರೆ ಬಿಡೋ ಮುಂಚೆ ಹಂಗೇನೆ, ಒಂದು ದಿನ ತಿನ್ನಲ್ಲ, ತಲೆ ಎತ್ತಿ ಸುಮ್ಮನೆ ಕೂತಿರ್ತಾವೆ. ನಾಳೆ ಏಳ್ತಾವೆ.”

ಮುನಿವೆಂಕಟಪ್ಪ ಮೆಲ್ಲಗೆ, ಅದನ್ನೇ ಹೇಳಲು ಬೆಳಿಗ್ಗೆ ಬಾಯಿ ತೆರೆದಿದ್ದೆ ಎಂದರು. ಕೂತ ಹುಳುವಿನ ಮೇಲಿಂದ ಸೊಪ್ಪು ತೆಗೆದದ್ದೂ, ತೆಳ್ಳಗೆ ಸುಣ್ಣ ಹಾಕಿದ್ದೂ ಸರಿಯಾಗೇ ಇದೆ, ತಾವು ಬಂದು ಮಾಡಬೇಕಾದ ಕೆಲಸವೇ ಅದು ಎಂದೂ ಸೇರಿಸಿದರು. ಗುಂಪಿನ ಹಿಂದಿನಿಂದ ಮೇಷ್ಟ್ರ ಶಾಲೆಯ ಒಬ್ಬಳು ಹುಡುಗಿ, ನಾಲ್ಕು ಸಲ ಪೊರೆ ಬಿಡುತ್ತದೆ ಅಂತ ಸಾರೇ ಬರೆಸಿದ್ದರಲ್ಲ ಎಂದು ತನ್ನ ತಾಯಿಯ ಹತ್ತಿರ ಹೇಳುವುದು ಎಲ್ಲರಿಗೂ ಕೇಳಿಸಿತು. ಮೊದಲು ಆವುಲಪ್ಪ ನಕ್ಕ. ಆಮೇಲೆ ಬೀದಿ ನಕ್ಕಿತು. ಬಾಯಿ ಮುಚ್ಚಿಕೊಂಡಿದ್ದಿದ್ದರೆ ಏನೂ ಆಗುತ್ತಿರಲಿಲ್ಲ ಎಂಬುದು ಮೇಷ್ಟ್ರಿಗೆ ನಿಧಾನವಾಗಿ ಅರ್ಥವಾಯಿತು.

ನಗದವರು ಅಕ್ಕಯ್ಯಮ್ಮ ಒಬ್ಬರೇ. ಅವರು ಡಬ್ಬಿಯ ಕಡೆ ನೋಡುತ್ತಿದ್ದರು.

“ಅದು ಹಂಗಿರಲಿ. ಹೊಗೆಸೊಪ್ಪು ತಗೊಂಡು ಒಳಗೆ ಹೋಗಿದ್ದು ನಿಜಾನಾ? ಈಗ ಏನೂ ಕಾಣಲ್ಲ. ನಾಳೆ ಪೊರೆ ಬಿಟ್ಟು ಎದ್ದ ಮೇಲೆ ತಾನೇ ಗೊತ್ತಾಗೋದು. ನಂಬಿ ಬಿಟ್ಟು ಹೋದ್ವಲ್ಲ ಮೇಷ್ಟ್ರೇ.”

ನಗು ನಿಂತಿತು. ಮೇಷ್ಟ್ರು ತಲೆ ಎತ್ತಲಿಲ್ಲ. ಅಕ್ಕಯ್ಯಮ್ಮನ ದನಿಯಲ್ಲಿ ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದರು. ಇದ್ದದ್ದು ಬೇಸರ. ನಿಂತಲ್ಲೇ ಅವರು ಚಿಕ್ಕವರಾಗುತ್ತ ಹೋದರು.

ಆಗ ಶ್ರೀವಲ್ಲಿ ಮುಂದೆ ಬಂದು ಡಬ್ಬಿ ತೆಗೆದು ಅಕ್ಕಯ್ಯಮ್ಮನ ಅಂಗೈ ಮೇಲೆ ಸುರಿದಳು.

“ಹೆದರಬೇಡಿ ಅಮ್ಮ. ಇದು ನಶ್ಯ ಅಲ್ಲ. ಸೀಗೆಪುಡಿ.”

ಅಕ್ಕಯ್ಯಮ್ಮ ಮೂಸಿ ನೋಡಿದರು. ಒಂದು ಸೀನು ಬಂತು. ಹೌದು, ಸೀಗೆಪುಡಿಯೇ ಎಂದರು. ಮುನಿವೆಂಕಟಪ್ಪನೂ ಮೂಸಿ, ಸೀನಿ, ಹೌದೆಂದರು. ಪೊಟ್ಟಣ ಉತ್ತರಪತ್ರಿಕೆಗಳ ಹಿಂದೆ ಇರುವುದು ತನಗೆ ಮೊದಲಿಂದ ಗೊತ್ತು, ಎರಡು ತಿಂಗಳಿಂದ ನಶ್ಯವನ್ನು ಬಚ್ಚಲಿಗೆ ಸುರಿದು ಸೀಗೆಪುಡಿ ಜರಡಿ ಹಿಡಿದು ತುಂಬಿಡುತ್ತಿದ್ದೇನೆ ಎಂದು ಶ್ರೀವಲ್ಲಿ ಅಡುಗೆಯ ವಿಷಯ ಹೇಳುವಷ್ಟು ಸಹಜವಾಗಿ ಹೇಳಿದಳು.

ಮೇಷ್ಟ್ರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಎರಡು ತಿಂಗಳು. ಬೆಳಿಗ್ಗೆ ಸಂಜೆ. ತಲೆಗೆ ಉಜ್ಜುವುದನ್ನು ಮೂಗಿಗೆ ಏರಿಸಿಕೊಂಡು, ಒಳ್ಳೆಯ ಮಾಲೆಂದು ಹಿಗ್ಗಿದ್ದರು.

“ತಾತನ ಕಾಲದಿಂದ ನಶ್ಯ ಬೇಕು ಅಂತ ತೀರ್ಮಾನ ಮಾಡಿದ್ವಲ್ಲ ನಿಮ್ಮ ಜೀವಕೋಶಗಳು,” ಎಂದಳು ಶ್ರೀವಲ್ಲಿ. “ಅವಕ್ಕೆ ಸೀಗೆಪುಡಿ ಅಂತ ಕೂಡ ಗೊತ್ತಾಗಲಿಲ್ಲ ನೋಡಿ.”

ಮತ್ತೆ ನಗು ಎದ್ದಿತು. ಈ ಸಲ ಅಕ್ಕಯ್ಯಮ್ಮನೂ ನಕ್ಕರು. ಶ್ರೀವಲ್ಲಿ ಮಾತ್ರ ನಗಲಿಲ್ಲ. ಗಂಡನ ಹತ್ತಿರ ಬಂದು ದನಿ ತಗ್ಗಿಸಿದಳು. ತಗ್ಗಿಸಿದ್ದಕ್ಕೆ ಬೀದಿ ಇನ್ನೂ ನಿಶ್ಶಬ್ದವಾಯಿತು.

“ನೀವಾಗೇ ಹೇಳ್ತೀರೇನೋ ಅಂತ ಕಾದೆ ಕಣ್ರೀ. ದಿನಾ ಟವಲು ಸುತ್ಕೊಂಡು ಕೂತಿದ್ದಾಗೆಲ್ಲ ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ. ಹುಳಗಳಿಗೆ ಹೇಳೋ ಮುಂಚೆ ನನಗೊಂದು ಮಾತು ಹೇಳಬಹುದಿತ್ತು.”

ಆ ದಿನ ಮೇಷ್ಟ್ರು ಪಟ್ಟ ನಾಚಿಕೆಯೆಲ್ಲ ಒಂದು ತೂಕವಾದರೆ ಈ ಮಾತೊಂದೇ ಇನ್ನೊಂದು ತೂಕವಾಯಿತು. ಸೀಗೆಪುಡಿಯಾಗಲಿ ನಶ್ಯವಾಗಲಿ, ಚೀಟಿಯಲ್ಲಿ ಬರೆದಿರಲಿ ಬರೆಯದಿರಲಿ, ಇನ್ನು ಮುಟ್ಟಬಾರದು ಎಂದು ಅವರು ಆ ಕ್ಷಣದಲ್ಲಿ ಪೂರ್ತಿ ಮನಸ್ಸಿನಿಂದ ತೀರ್ಮಾನ ಮಾಡಿದರು. ಜೀವಮಾನದಲ್ಲಿ ಅಷ್ಟು ಸ್ವಂತವಾಗಿ ಅವರು ಇನ್ನೇನನ್ನೂ ತೀರ್ಮಾನಿಸಿರಲಿಲ್ಲ.

“ಹೋಗಲಿ ಬಿಡಿ,” ಎಂದಳು ಶ್ರೀವಲ್ಲಿ. “ಇನ್ನು ಮೇಲೆ ಮುಟ್ಟಲ್ಲ ತಾನೇ?”

“ಮುಟ್ಟಲ್ಲ ಕಣೇ. ಸತ್ಯವಾಗ್ಲೂ ಮುಟ್ಟಲ್ಲ.”

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೆ ಹೆಂಡತಿ, ಮಗಳು, ಯಜಮಾನರು, ಓಬಳಮ್ಮ, ಆವುಲಪ್ಪ, ಇಡೀ ಬೀದಿ ಒಟ್ಟಿಗೆ ಅವರ ತಲೆಯ ಎರಡೂ ಪಕ್ಕ ನೋಡುತ್ತಿತ್ತು. ಅಷ್ಟು ಕಣ್ಣುಗಳ ಮುಂದೆ ಮೇಷ್ಟ್ರಿಗೆ ಮತ್ತೊಮ್ಮೆ ನಾಚಿಕೆಯಾಯಿತು. ಕಿವಿಗಳ ಬುಡದಲ್ಲಿ ಸ್ವಲ್ಪ ಬಿಸಿ ಹುಟ್ಟಿತು. ಬೇಡ, ಬೇಡ ಎಂದು ಅವರು ಒಳಗೊಳಗೇ ಬೇಡಿಕೊಂಡರು. ಬಿಸಿ ಮೇಲೆ ಹತ್ತಿತು. ಉಳಿದಿದ್ದ ಸುಣ್ಣದ ನಡುವೆ ಎರಡು ಕಿವಿಗಳೂ ತುದಿಯವರೆಗೆ ಕೆಂಪಾಗಿ ನಿಂತವು.

ಶ್ರೀವಲ್ಲಿ ಅವನ್ನು ಒಂದು ಕ್ಷಣ ನೋಡಿದಳು. ಡಬ್ಬಿಯ ಮುಚ್ಚಳ ಭದ್ರವಾಗಿ ಹಾಕಿ ತನ್ನ ಚೀಲಕ್ಕೆ ಸೇರಿಸಿಕೊಂಡು, ಅಕ್ಕಯ್ಯಮ್ಮನ ಕಡೆ ತಿರುಗಿ, ಮನೆಯಲ್ಲಿ ಸೀಗೆಪುಡಿ ಮುಗಿಯುತ್ತ ಬಂದಿದೆ, ಇನ್ನೊಂದು ಸೇರು ಕೊಡಲಾದೀತೇ ಎಂದು ಕೇಳಿದಳು.